ಸೋಮವಾರದ ಬಾಯಿ ತಪಾಸಣೆ

ಸೋಮವಾರ ಬಂತೆಂದರೆ ನಾನು ನಲವತ್ತು ಬಾಯಿಗಳನ್ನು ನೋಡುತ್ತಿದ್ದೆ. ಆತಗೂರಿನ ಶಾಲೆಯ ಮೇಷ್ಟ್ರು ನಾನು; ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಆ ಅನ್ರೋ" ಎಂದು ಹಲ್ಲು ನೋಡಿ, ಉಜ್ಜದೆ ಬಂದವರನ್ನು ಬೇವಿನ ಮರದ ಕಡೆಗೆ ಓಡಿಸುವುದು ನನ್ನ ಪದ್ಧತಿ. ಬಾಯಿ ನೋಡಿ ಮನುಷ್ಯನ ಯೋಗ್ಯತೆ ಹೇಳಬಲ್ಲೆನೆಂಬ ಜಂಬವೂ ಇತ್ತು. ನಲವತ್ತೊಂದನೆಯ ಬಾಯಿ ನನ್ನ ಮನೆಯಲ್ಲೇ ಇದ್ದದ್ದು ಮಾತ್ರ ಹೊಳೆಯಲಿಲ್ಲ.

ಅದು ನನ್ನ ಹೆಂಡತಿ ತಾಯಮ್ಮನದು. ಚೊಚ್ಚಲ ಬಸುರಿ. ಯುದ್ಧದ ಕಾಲ, ಸೀಮೆಎಣ್ಣೆಗೂ ಸರದಿ ನಿಲ್ಲಬೇಕಿತ್ತು. ಆದರೆ ನಮ್ಮ ಸೀಮೆಯಲ್ಲಿ ಬೆಲ್ಲಕ್ಕೆ ಬರವೆಲ್ಲಿ? ಅವಳ ಬಯಕೆ ಹುಟ್ಟಿದ್ದೂ ಆಲೆಮನೆಯ ಬಿಸಿ ಬೆಲ್ಲದ ಮೇಲೆ. ನಾನು ಶಾಲೆ ಬಿಟ್ಟವನೇ ಹೋಗಿ ಎಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದೆ. ಅವಳು ಒಂದು ಉಂಡೆಯನ್ನು ದವಡೆಗೆ ಒತ್ತರಿಸಿಕೊಂಡು ಕೆಲಸ ಮಾಡುವಳು, ಹಾಗೇ ಮಲಗುವಳು. ಇಂಥ ಗಂಡ ಯಾರಿಗುಂಟು ಎಂದು ನಾನು ಬೀಗುತ್ತಿದ್ದೆ.

ನಡುವೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಂಡಿತಂತೆ. ಬಸುರಿಯ ರಕ್ತ ಒಂದು ಹನಿ ಪೋಲಾದರೂ ಕೂಸಿಗೆ ಕಮ್ಮಿಯಾದೀತೆಂದು ಅವಳು ಉಜ್ಜುವುದನ್ನೇ ಬಿಟ್ಟಳು. ಯಾರಿಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ರಾಣಿಯರ ಬಯಕೆಯ ವರ್ಣನೆ ಧಾರಾಳವಾಗಿದೆ. ಒಸಡಿನ ಬಗ್ಗೆ ಒಂದು ಸಾಲನ್ನೂ ನಾನು ಓದಿಲ್ಲ. ಬಸುರಿಯನ್ನು ಕಂಡವರೆಲ್ಲ ಬಾಯಿಗೆ ಏನು ಬೇಕೆಂದು ಕೇಳುತ್ತಾರೆ, ಬಾಯೊಳಗೆ ಏನಾಗಿದೆ ಎಂದು ಕೇಳುವುದಿಲ್ಲ.

ಗೊತ್ತಾದದ್ದು ಏಳನೇ ತಿಂಗಳಲ್ಲಿ, ಯಲಿಯೂರಿನ ಅವಳ ತವರಿನಲ್ಲಿ, ಬಯಕೆ ಶಾಸ್ತ್ರದ ದಿನ. ಮಣೆಯ ಮೇಲೆ ಕೂತವಳಿಗೆ ಮುತ್ತೈದೆಯರು ಸಿಹಿ ತಿನ್ನಿಸಲು ಬಂದರು. "ಬಾಯಿ ಬುಡವ್ವ, ಸಾಸ್ತ್ರ ಕಣಮ್ಮ!" ತಾಯಮ್ಮ ಬಾಯಿ ತೆರೆಯಲಿಲ್ಲ. ಕಣ್ಣಲ್ಲಿ ನೀರು. ಕೆನ್ನೆಗೆ ಮುಚ್ಚಿಕೊಂಡಿದ್ದ ಸೆರಗು ಸರಿಸಿ ನೋಡಿದರೆ ಕೆನ್ನೆ ಊದಿ ಬಿಗಿದಿತ್ತು, ಮೈ ಕಾವಲಿಯಂತೆ ಸುಡುತ್ತಿತ್ತು.

ಮಂಡ್ಯದ ಆಸ್ಪತ್ರೆಗೆ ಹೋಗೋಣವೆಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣಪ್ಪಾ, ಬಸ್ರೀಲಿ ಹಲ್ ಕಿತ್ರೆ ಕೂಸು ನಿಲ್ಲಕ್ಕಿಲ್ಲ. ಲವಂಗ ಕಚ್ಚುಸ್ತೀನಿ, ಸುಮ್ಕಿರು."

ಸುಳ್ಳೇಕೆ ಹೇಳಲಿ, ಆ ಮಾತನ್ನು ನಾನೂ ಅರ್ಧ ನಂಬಿದ್ದೆ. ಹಲ್ಲು ಕೀಳಿಸಿದರೆ ಕೂಸಿನ ಭಯ, ಬಿಟ್ಟರೆ ತಾಯಿಯ ಭಯ. ಕೊನೆಗೆ ತಾಯಮ್ಮನೇ ಎದ್ದು ಬಾಗಿಲ ಕಡೆ ನಡೆದಳು. ಅತ್ತೆಯೂ ಹಿಂದೆಯೇ ಬಂದರು. ಮೂವರೂ ರೈಲು ಹತ್ತಿದೆವು.

ಡಾಕ್ಟರಮ್ಮ ನೋಡಿ, ಕೀವು ತುಂಬಿದೆ ಎಂದರು. "ಹಲ್ಲು ತೆಗೆದರೆ ಮಗು ಹೋಗೋಲ್ಲ. ಈ ಕೀವು, ಜ್ವರ ಹೀಗೇ ಬಿಟ್ಟರೆ ಅಪಾಯ. ಒಸಡಲ್ಲಿ ರಕ್ತ ಬಂದರೆ ಮೆತ್ತಗೆ ಉಜ್ಜಬೇಕು, ಬಿಡಬಾರದು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಬೇಕು. ಅದಿರಲಿ, ಈ ದವಡೇಲಿ ಏನಿಟ್ಕೊತಿದ್ದೆಯಮ್ಮಾ?" ತಾಯಮ್ಮ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ.

ಹಲ್ಲು ಕಿತ್ತು ಬಂತು. ಆಮೇಲೆ ಆಸ್ಪತ್ರೆಯ ಜಗಲಿಯಲ್ಲಿ ಕೂತೆವು. ಅತ್ತೆ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, "ಮಿಸುಕ್ತಾ?" ಎಂದರು. ತಾಯಮ್ಮ ತಲೆಯಾಡಿಸಿ ಇಲ್ಲವೆಂದಳು. ದೂರದಲ್ಲಿ ಒಂದು ರೈಲು ಕೂಗಿ ಹೋಯಿತು. "ಮಿಸುಕ್ತಾ?" ಇಲ್ಲ. ಅತ್ತೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಊರ ಮಕ್ಕಳ ಹಲ್ಲೆಲ್ಲ ನೋಡಿದವನಿಗೆ ಮನೆಯವಳ ಬಾಯಿ ನೋಡಲು ಕಣ್ಣಿರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅತ್ತೆ ಇದ್ದಕ್ಕಿದ್ದಂತೆ ಕೂಗಿದರು: "ಒದೀತು ಕಣಪ್ಪಾ! ಒದೀತು!" ನಾನು ಹೆಗಲ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಆ ಒದೆ ನನಗೇ ಸಲ್ಲಬೇಕಾದದ್ದು ಎನ್ನುವುದರಲ್ಲಿ ನನಗೆ ಸಂಶಯವಿರಲಿಲ್ಲ.

ಆ ಕೂಸಿಗೆ ಈಗ ನಾಲ್ಕು ವರ್ಷ. ತಾಯಮ್ಮ ಮತ್ತೆ ಬಸುರಿ. ಸೋಮವಾರದ ತಪಾಸಣೆ ಈಗ ನಮ್ಮ ಹಿತ್ತಲಲ್ಲಿ, ಉಪ್ಪುನೀರಿನ ಚೊಂಬಿನ ಪಕ್ಕದಲ್ಲಿ ಶುರುವಾಗುತ್ತದೆ. ಮೊನ್ನೆ "ಆ ಅನ್ನು" ಎಂದೆ. ಅವಳು ಬಾಯಿ ತೆರೆದು, ಖಾಲಿ ಜಾಗಕ್ಕೆ ಬೆರಳಿಟ್ಟು ತೋರಿಸಿ, ನಗುತ್ತ ಅಂದಳು:

"ಇಲ್ಲಿದ್ದದ್ದು ಹೋದ ಮ್ಯಾಕೆ ತಾನೆ, ಮೇಷ್ಟ್ರು ನೋಡಕ್ ಬಂದಿದ್ದು?"

ನಾನು ಪ್ರತಿ ಸೋಮವಾರ ಮೊದಲು ನೋಡುವುದು ಆ ಜಾಗವನ್ನೇ.