ಆಯಿ ಮೊದಲು ಉಣ್ಣುತ್ತಿದ್ದ ಅಣಬೆ

ಮೊಣಕಾಲಿಗೆ ಎಣ್ಣೆ ಕೊಳ್ಳಲು ಗೋಳಗುಮ್ಮಟದ ಹತ್ತಿರದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಡಬ್ಬಿಯೊಂದರ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದ. “ಅಣಬಿ ಪುಡಿರಿ ಅಜ್ಜಾರ. ಸಕ್ಕರಿ ಕಾಯಿಲೆ, ಮೊಣಕಾಲು, ಸುಸ್ತು, ಎಲ್ಲಾಕ್ಕೂ ಇದೊಂದ.” ನೆನೆದ ಮಣ್ಣು ಮತ್ತು ಹಳೆಯ ಕಂಬಳಿ ಸೇರಿದಂಥ ವಾಸನೆ. “ಇದನ್ನ ಮದಲ ಯಾರು ತಿಂದು ನೋಡ್ಯಾರೋ ತಮ್ಮಾ?” ಎಂದೆ. “ನೀವ ತಿನ್ರಿ, ಆಮ್ಯಾಗ ನಾ ತಿಂತೀನಿ” ಎಂದು ನಕ್ಕ. ನನಗೆ ನಗಲಾಗಲಿಲ್ಲ. ಎಣ್ಣೆಯನ್ನೂ ಕೊಳ್ಳದೆ ಹೊರಗೆ ಬಂದೆ.

ಬಿಜ್ಜರಗಿಯ ನಮ್ಮ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಜೋಳದ ಚೀಲ ಮತ್ತು ಕುರಿಯ ಉಣ್ಣೆಯ ನಡುವೆ, ಇದೇ ವಾಸನೆ ವರ್ಷವಿಡೀ ಇರುತ್ತಿತ್ತು. ಆಯಿ, ಅಂದರೆ ನನ್ನ ತಂದೆಯ ತಾಯಿ, ಮೊದಲ ಮಳೆಯ ನಂತರ ಹುತ್ತಕ್ಕೆ ಅರಿಸಿನ ಹಚ್ಚಿ, ಅದರ ಮೇಲೆ ಎದ್ದ ಬೆರಳುದ್ದದ ಬಿಳಿ ಅಣಬೆ ಕೀಳುತ್ತಿದ್ದಳು. ಒಂದೊಂದನ್ನೂ ಉಗುರಿನಿಂದ ಉದ್ದಕ್ಕೆ ಸೀಳುವಳು. ಒಳಗೆ ಅಚ್ಚ ಬಿಳಿಯಿದ್ದದ್ದು ಸಾರಿಗೆ. ಕಪ್ಪಾದದ್ದು ನೆರಳಿನಲ್ಲಿ ಒಣಗಿ ಪುಡಿಯಾಗಿ ಸೋರೆಬುರುಡೆಗೆ. ಕುಡುಗೋಲು ತಾಗಿದವರು, ಕುರಿಗೆ ಗಾಯವಾದವರು ಬಂದರೆ ಚಿಟಿಕೆ ಪುಡಿ ಒತ್ತಿ ಕಳಿಸುವಳು. “ಇದು ರಕ್ತಾ ನಿಂದರಸ್ತೈತಿ, ಅಷ್ಟ. ಸಾಯಾವನ್ನ ಏನ್ ಉಳಸಂಗಿಲ್ಲ” ಎನ್ನುವಳು. ಅಣಬೆ ಸಾರು ಮಾಡಿದ ದಿನ ಮಾತ್ರ ತಾನೊಬ್ಬಳೇ ಮೊದಲು ಉಣ್ಣುವಳು. ಉಳಿದವರಿಗೆ ಮರುದಿನವೇ. “ನಾ ಸತ್ತರ ನನ್ನ ಪಾಲಿನ ರೊಟ್ಟಿ ನಿಮಗ ಉಳೀತಾವ” ಎಂದು ನಗಿಸುವಳು. ಅಂಥ ಪರೀಕ್ಷೆ ಸಾಲದು, ಕೆಲವು ವಿಷ ತಡವಾಗಿ ಏರುತ್ತವೆ ಎಂದು ಈಗ ನನಗೆ ಗೊತ್ತು. ಆದರೆ ಇನ್ನೊಬ್ಬರ ಬಾಯಿಗೆ ಹಾಕುವ ಮುನ್ನ ತನ್ನ ಬಾಯಿಗೆ ಹಾಕಿಕೊಳ್ಳುವವರನ್ನು ನಾನು ಮತ್ತೆ ಕಂಡಿಲ್ಲ.

ನನಗೆ ಹನ್ನೊಂದು ವರ್ಷವಾದಾಗ ಅವಳ ಕಣ್ಣಿಗೆ ಪೊರೆ ಬಂತು. ಕೀಳುವುದು, ಸೀಳಿ ನೋಡುವುದು ನನ್ನ ಪಾಲಿಗೆ ಬಂತು. ಆ ವರ್ಷ ಪಕ್ಕದ ಮನೆಯ ಗಂಗವ್ವ, ಬಾಣಂತಿ ಸೊಸೆ ಸೊರಗಿದ್ದಾಳೆಂದು ಅಣಬೆ ಸಾರು ಕೇಳಿದ್ದಳು. ಹುತ್ತದ ಮೇಲೆ ನಾಲ್ಕೇ ಇದ್ದವು. ಗೆಳೆಯರು ಚಿಣಿಕೋಲು ಆಡಲು ಕರೆಯುತ್ತಿದ್ದರು. ದಾರಿಯ ತಿಪ್ಪೆಯಲ್ಲಿ ಹಾಗೆಯೇ ಕಾಣುವ ಐದನ್ನು ಕಿತ್ತು, ಬೇರಿನ ಗೊಬ್ಬರ ಒರೆಸಿ, ಸೀಳದೆಯೇ ಬುಟ್ಟಿಗೆ ಹಾಕಿದೆ.

“ಎಲ್ಲಾ ಹುತ್ತಿನ ಮ್ಯಾಲಿನವ ಹೌದಲ್ಲೋ?”

“ಹೂಂ ಬೇ ಆಯಿ.”

“ಸೀಳಿ ನೋಡೀಯೇನು?”

“ನೋಡೀನಿ.”

ರೂಢಿಯಂತೆ ಆಯಿ ಮೊದಲು ಉಂಡಳು. ದೀಪ ಹಚ್ಚುವ ಹೊತ್ತಿಗೆ ವಾಂತಿ ಶುರುವಾಯಿತು. ಅಪ್ಪ ಚಕ್ಕಡಿ ಹೂಡಿ ಟಿಕೋಟಾದ ದವಾಖಾನೆಗೆ ಒಯ್ದ. ಮೂರನೆಯ ದಿನ ಮರಳಿ ಬಂದಳು, ಹಿಂಡಿದ ಬಟ್ಟೆಯಂತೆ. ಬಾಣಂತಿಗೆ ಒಂದು ಹನಿ ಸಾರೂ ಹೋಗಿರಲಿಲ್ಲ. ಆದರೂ ಗಂಗವ್ವ ಬಾಗಿಲಲ್ಲಿ ನಿಂತು ಹೇಳಿದಳು: “ಕಣ್ ಕಾಣಂಗಿಲ್ಲ ಅಂದಮ್ಯಾಗ ಯಾಕ ಬೇಕ ಯವ್ವಾ ಈ ಉಸಾಬರಿ? ನನ್ನ ಸೊಸಿ ಹೋಗಿದ್ದರ?” ಆಯಿ ನನ್ನತ್ತ ತಿರುಗಲೂ ಇಲ್ಲ. “ಖರೇ ಐತಿ ಗಂಗಾ. ಅಡಗಿ ಮಾಡೂ ಮುಂದ ಕೈಯಾಗ ಹಿಡದಿದ್ದೆ. ನನ್ನ ಕೈಗೂ ತಿಳೀಲಿಲ್ಲ” ಎಂದಳು. ನಾನು ಕಂಬ ಹಿಡಿದು ನಿಂತಿದ್ದೆ.

ಆ ವಾರವೇ ಬುರುಡೆಯ ಪುಡಿಯನ್ನು ಹಿತ್ತಲಿಗೆ ಸುರಿದಳು. ಮುಂದೆ ಯಾರಾದರೂ ಗಾಯ ಹಿಡಿದುಕೊಂಡು ಬಂದರೆ, “ದವಾಖಾನಿಗೆ ಹೋಗ್ರಿ, ನನಗ ಈಗ ಏನೂ ತಿಳಿಯಂಗಿಲ್ಲ” ಎನ್ನುತ್ತಿದ್ದಳು. ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಹತ್ತಿರ ಕುಳಿತಿದ್ದೇನೆ. ಇವತ್ತು ಬೇಡ, ನಾಳೆ ಎನ್ನುತ್ತ ಆರು ವರ್ಷ ಕಳೆದೆ; ಅಷ್ಟರಲ್ಲಿ ಆಯಿ ತೀರಿಕೊಂಡಳು. ಈಗ ಆ ಮನೆಯಿಲ್ಲ, ಹುತ್ತವಿದ್ದಲ್ಲಿ ದ್ರಾಕ್ಷಿ ತೋಟ ಇದೆ. ಹೇಳಲು ನಿಮ್ಮ ಹೊರತು ನನಗೆ ಯಾರೂ ಉಳಿದಿಲ್ಲ.

ಕತ್ತಲಲ್ಲೂ ಸೊಪ್ಪನ್ನು ಬೆರಳಿನಿಂದಲೇ ಗುರುತಿಸುತ್ತಿದ್ದವಳು, ಕೊನೆಗೆ ತಾಟಿನ ಮುಂದೆ ಕುಳಿತು ಪ್ರತಿ ಪಲ್ಯವನ್ನೂ ಮುಟ್ಟಿ ಮುಟ್ಟಿ ಅಳುಕುತ್ತಿದ್ದಳು. ಅವ್ವ ಹೇಳಿದರೂ ಸಾಲದು. ನನ್ನನ್ನೇ ಕರೆಯುವಳು: “ತಮ್ಮಾ, ಇದನ್ನ ನೀ ನೋಡೀಯೇನೋ?” ನೋಡೀನಿ ಎನ್ನುತ್ತಿದ್ದೆ. ಆಗ, ನನ್ನ ಕಣ್ಣನ್ನು ನಂಬಿ, ಆಯಿ ಉಣ್ಣುತ್ತಿದ್ದಳು.