ದೀಪ ಹಚ್ಚುವ ಮೊದಲಿನ ತಾರೀಕು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಮನೆಯಲ್ಲಿ ಅಮ್ಮ ಮಾತ್ರ ಅದನ್ನು ರೋಗ ಅನ್ನುತ್ತಾಳೆ. ಬ್ರಹ್ಮಾವರದ ಮಾರುಕಟ್ಟೆಯಲ್ಲಿ ನಾನು ಬಂಗುಡೆ ಮೀನಿನ ಕಿವಿರನ್ನು ಮೂರನೇ ಸಲ ಎತ್ತಿ ನೋಡಿದರೆ, "ಸಾಕ್ ಮಾರಾಯ್ತಿ, ಅದೆಂತ ನಿಂಗೆ ಸಾಕ್ಷಿ ಹೇಳೂಕ್ ಬಂದದ್ದಾ?" ಎಂದು ಕೈ ಹಿಡಿದು ಎಳೆಯುತ್ತಾಳೆ.

ಹೊಳೆಯ ಕಪ್ಪೆಚಿಪ್ಪುಗಳು ಯಾತರಿಂದ ಸಾಯುತ್ತಿವೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ನೀರು ಕಾದದ್ದರಿಂದಲೋ, ಗದ್ದೆಗೆ ಹೊಡೆದ ಔಷಧಿಯಿಂದಲೋ, ಹೊಳೆಯಡಿಯ ಮರಳು ತೆಗೆದದ್ದರಿಂದಲೋ, ಕಡಲಿನ ಉಪ್ಪು ಒಳಗೆ ಹತ್ತಿದ್ದರಿಂದಲೋ? ಒಂದೊಂದನ್ನೇ ಹೇಗೋ ತಾಳಿಕೊಳ್ಳುವ ಜೀವ, ಎಲ್ಲವೂ ಒಟ್ಟಿಗೆ ಮೇಲೆ ಬಿದ್ದಾಗ ಎಲ್ಲಿ ಸೋಲುತ್ತದೆ? ಅದನ್ನು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುತ್ತೇನೆ. ಮಾದರಿ ನಿಲ್ಲುವುದು ಹೊಳೆಯಿಂದ ಬರುವ ಅಂಕಿಗಳ ಮೇಲೆ. ಹಾಗಾಗಿ ಅಂಕಿ ತರುವವರನ್ನು ನಾನು ಪೂರ್ತಿ ನಂಬಿದ್ದು ಕಡಿಮೆ.

ಗುಲ್ವಾಡಿಯಿಂದ ಒಂದಿಷ್ಟು ಆಚೆ ಹೊಳೆಗೆ ಒಂದು ಸಣ್ಣ ಕಿಂಡಿ ಅಣೆಕಟ್ಟಿದೆ. ಮಳೆಗಾಲ ಕಳೆದ ಮೇಲೆ ಊರವರು ಅದರ ಕಿಂಡಿಗಳಿಗೆ ಹಲಗೆ ಹಾಕಿ ಮಣ್ಣು ತುಂಬುತ್ತಾರೆ. ಹಾಕುವವರೆಗೆ, ಭರತದಲ್ಲಿ ಕಡಲು ಉಕ್ಕಿದಾಗ ಬರುವ ಉಪ್ಪುನೀರಿಗೆ ಮೇಲೆ ಹತ್ತಲು ತಡೆಯಿಲ್ಲ. ಅಲ್ಲಿಯ ಅಂಕಿ ಬರೆಯುತ್ತಿದ್ದವರು ಅರವತ್ತು ದಾಟಿದ, ಮೀನು ಮಾರುವ ಒಬ್ಬರು. ನಾನು ಅಕ್ಕ ಎಂದೇ ಕರೆಯುವುದು. ಮೊದಲ ಬಸ್ಸಿಗೆ ಕುಂದಾಪುರಕ್ಕೆ ಮೀನಿಗೆ ಹೋಗುವ ಮುಂಚೆ, ಬೆಳಕು ಹರಿಯುವ ಮೊದಲೇ ಹೊಳೆಗಿಳಿದು, ನಾನು ಕೊಟ್ಟ ಪುಟ್ಟ ಮೀಟರನ್ನು ನೀರಿಗೆ ಅದ್ದಿ ಉಪ್ಪಿನ ಅಂಕಿ ಬರೆದಿಡುತ್ತಿದ್ದರು. ಅವರದು ಒಂದೇ ಹಟ. "ಹಲ್ಗಿ ತಡ ಆರೆ ಉಪ್ಪ್ ಹತ್ತತ್ತ್ ಮೇಡಂ. ಚಿಪ್ಪೆಲ್ಲ ಬಾಯ್ ಬಿಡತ್ತ್. ನೀವಾರೂ ಹೇಳಿ ಅವ್ರಿಗೆ."

ಇವರಿಗೆ ಬೇಕಾದ ಉತ್ತರ ಮೊದಲೇ ಗೊತ್ತಿದೆಯಲ್ಲ ಎಂದು ಆಗಲೇ ನನ್ನ ಅನುಮಾನದ ಮೂಗು ಅರಳಿತು.

ಅಂಕಿಗಳನ್ನು ಮಾದರಿಯಲ್ಲಿ ಕೂರಿಸುವಾಗ ಸುಳಿವು ಸಿಕ್ಕಿಯೇ ಬಿಟ್ಟಿತು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ನನ್ನದೊಂದು ಯಂತ್ರವಿದೆ, ತಾನಾಗಿ ಉಪ್ಪು ಅಳೆದು ದಾಖಲಿಸುತ್ತದೆ. ಉಪ್ಪು ಬರುವುದು ಕಡಲಿನಿಂದ. ಮೊದಲು ಯಂತ್ರದಲ್ಲಿ ಏರಬೇಕು, ಆಮೇಲೆ ಮೇಲಿರುವ ಅಕ್ಕನ ಪುಸ್ತಕದಲ್ಲಿ. ಇಲ್ಲಿ ಉಲ್ಟಾ. ಅಕ್ಕನಲ್ಲಿ ಇವತ್ತು ಏರಿದ ಉಪ್ಪು ಯಂತ್ರದಲ್ಲಿ ನಾಳೆ ಏರುತ್ತಿತ್ತು. ಒಂದೆರಡು ಸಲವಲ್ಲ, ಪ್ರತಿ ಸಲವೂ. ಕಡಲಿಗಿಂತ ಮುಂಚೆ ಅಕ್ಕನಿಗೆ ಉಪ್ಪಿನ ಸುದ್ದಿ ಹೇಗೆ ಗೊತ್ತಾಗುತ್ತದೆ? ಅಮಾವಾಸ್ಯೆ ಹುಣ್ಣಿಮೆ ನೋಡಿ, ಭರತ ಯಾವಾಗ ಎಂದು ಅಂದಾಜು ಮಾಡಿ, ಮನೆಯಲ್ಲೇ ಕೂತು ಬರೆಯುತ್ತಿದ್ದಾರೆ. ಬೇರೆ ಏನೂ ನನಗೆ ಹೊಳೆಯಲಿಲ್ಲ.

ಹಲಗೆ ಹಾಕುವ ದಿನ ನಿಶ್ಚಯಿಸಲು ಊರವರು ಸೇರಿದಾಗ ನನ್ನನ್ನೂ ಕರೆದಿದ್ದರು. ಆ ಪುಸ್ತಕವನ್ನು ನಂಬುವ ಹಾಗಿಲ್ಲ, ಉಪ್ಪಿನ ಅಂಕಿ ಬಿಟ್ಟು ನೋಡಿದರೆ ಸೆಕೆ ಮತ್ತು ಔಷಧಿಯೇ ಕಾರಣ ಎಂದು ನಾನು ಹೇಳಿದೆ. ಹಾಗಾದರೆ ಹಲಗೆಗೆ ಅವಸರವಿಲ್ಲ ಎಂದು ಎಲ್ಲರಿಗೂ ನಿರಾಳವಾಯಿತು. ಹಿಂದಿನ ಬೆಂಚಿನಿಂದ ಅಕ್ಕ ಎದ್ದು, "ಹಾಂಗಾರೆ ನಾ ಬರ್ದದ್ದ್ ಸುಳ್ಳಾ?" ಎಂದು ಕೇಳಿದರು. ಯಾರೋ ನಕ್ಕರು. ನಾನು ಕಾಗದ ಜೋಡಿಸತೊಡಗಿದೆ.

ಆ ವರ್ಷವೂ ಚಿಪ್ಪು ಸತ್ತವು. ನನ್ನ ಮಾದರಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು. ಆದರೂ ನನಗೆ ಅನುಮಾನ ಬಂದದ್ದು ಮಾದರಿಯ ಮೇಲಲ್ಲ, ಅಕ್ಕನ ಮೇಲೆಯೇ. ಕೈಯಾರೆ ಹಿಡಿಯಬೇಕು ಎಂದು ಒಂದು ದಿನ ಹೇಳದೆ ಕೇಳದೆ ನಸುಕಿಗೇ ಸ್ಕೂಟರಿನಲ್ಲಿ ಹೋಗಿ, ಅಣೆಕಟ್ಟಿನ ಈಚೆ ತೆಂಗಿನ ಬುಡದಲ್ಲಿ ನಿಂತೆ. ಬರುವುದಿಲ್ಲ ಎಂದೇ ನಂಬಿದ್ದೆ.

ಬಂದರು. ಜೊತೆಯಲ್ಲಿ ಟಾರ್ಚು ಹಿಡಿದ ಇನ್ನೊಬ್ಬ ಹೆಂಗಸು. ಅಕ್ಕ ಸೊಂಟದವರೆಗೆ ನೀರಿಗಿಳಿದು, ಮೀಟರನ್ನು ಮೂರು ಸಲ ಅದ್ದಿ, ಅಂಕಿಯನ್ನು ಗಟ್ಟಿಯಾಗಿ ಓದಿದರು. ಆ ಹೆಂಗಸು ಅದನ್ನೇ ತಿರುಗಿ ಹೇಳಿದಳು. ಮೇಲೆ ಬರುವಾಗ ಅಕ್ಕನಿಗೆ ನಾನು ಕಂಡೆ.

"ಹ್ವಾಯ್ ಮೇಡಂ, ಕತ್ಲಿಗೆ ಅಲ್ಲೆಂತಕ್ಕೆ ನಿತ್ಕಂಡದ್ದ್? ಒಳ್ಗ್ ಬನ್ನಿ."

ಮನೆಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಅಕ್ಕ ಅದರ ಕಡೆ ನೋಡಿ ಪುಸ್ತಕದಲ್ಲಿ ತಾರೀಕು ಬರೆದರು. ಅದು ನಿನ್ನೆಯ ತಾರೀಕು. ಕೊನೆಗೂ ಸಿಕ್ಕಿಬಿದ್ದರು ಎಂದು ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

"ಅಕ್ಕ, ಇವತ್ತಿನ ತಾರೀಕು ಅದಲ್ಲ."

"ಇದೇ ಅಲ್ದಾ? ನಾನಿನ್ನೂ ಮೀಯ್ಲಿಲ್ಲೆ, ದೀಪ ಹಚ್ಲಿಲ್ಲೆ. ಅದಕ್ಕ್ ಮುಂಚೆ ಹಾಳಿ ಹರುದ್ ಹ್ಯಾಂಗೆ? ಬೆಳಗ್ ಆಯ್ಕ್ ಅಲ್ದಾ?"

ನನ್ನ ಮನೆಯಲ್ಲೂ ಅಮ್ಮ ಮಿಂದು ದೀಪ ಹಚ್ಚದೆ ಕ್ಯಾಲೆಂಡರ್ ಮುಟ್ಟುವುದಿಲ್ಲ. ಚಿಕ್ಕವಳಿದ್ದಾಗ ಆತುರಕ್ಕೆ ಹಾಳೆ ಹರಿದು ಪೆಟ್ಟು ತಿಂದವಳು ನಾನೇ. ನನ್ನ ಯಂತ್ರಕ್ಕೆ ದಿನ ಬದಲಾಗುವುದು ಮಧ್ಯರಾತ್ರಿ, ಅಕ್ಕನಿಗೆ ದೀಪ ಹಚ್ಚಿದ ಮೇಲೆ. ಅವರ ಒಂದೊಂದು ಅಂಕಿಯೂ ಒಂದು ದಿನ ಹಿಂದಿನ ತಾರೀಕಿನಲ್ಲಿ ಕೂತಿತ್ತು, ಅಷ್ಟೇ. ತಾರೀಕು ಹೇಗೆ ಬರೆಯುತ್ತೀರಿ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾಚಿಕೆಯಿಂದ ಮುಖ ಎತ್ತಲಾಗದೆ ಪುಸ್ತಕ ತಿರುವಿದೆ. ಆ ಸಭೆ ಆದ ಮರುದಿನದಿಂದ ಪ್ರತಿ ಸಾಲಿನ ಕೊನೆಗೂ ಬೇರೆ ಕೈಯ ಒಂದು ಸೊಟ್ಟ ಸಹಿ.

"ಇದು ಯಾರದು?"

"ನಂದೇ," ಎಂದಳು ಟಾರ್ಚಿನವಳು. ಪಕ್ಕದ ಮನೆಯವಳಂತೆ. "ದಿನಾ ಎಬ್ಸಿ ಹೊಳಿಗ್ ಕರ್ಕಂಡ್ ಹೋತ್ರ್. ಸಾಕ್ಷಿ ಬೇಕಂಬ್ರ್."

ಅಕ್ಕ ಚಾ ಇಡಲು ಹೋದರು.

ಎಲ್ಲ ತಾರೀಕುಗಳನ್ನು ಒಂದು ದಿನ ಮುಂದೆ ಸರಿಸಿದೆ. ಉಪ್ಪು ಮೊದಲು ಕೆಳಗಿನ ಯಂತ್ರದಲ್ಲಿ, ಆಮೇಲೆ ಅಕ್ಕನ ಪುಸ್ತಕದಲ್ಲಿ ಏರಿತು. ಸೆಕೆ ಮತ್ತು ಔಷಧಿಯ ಜೊತೆ ಉಪ್ಪು ಸೇರಿದ ವಾರಗಳಲ್ಲೇ ಚಿಪ್ಪು ಸತ್ತಿದ್ದವು, ಅಕ್ಕ ಹೇಳಿದ ಹಾಗೆಯೇ. ಮುಂದಿನ ಸಭೆಯಲ್ಲಿ ಅದೇ ಜನರ ಎದುರು ನಿಂತು, ತಪ್ಪು ನನ್ನದು, ಪುಸ್ತಕ ಸರಿ ಎಂದೆ. ಆ ವರ್ಷ ಹಲಗೆ ಬೇಗ ಬಿತ್ತು.

ಸಭೆ ಮುಗಿದ ಮೇಲೆ ಅಕ್ಕನ ಹತ್ತಿರ ಹೋಗಿ, ಇನ್ನು ಸಹಿ ಬೇಡ, ಪಾಪ ಪಕ್ಕದ ಮನೆಯವರನ್ನು ಯಾಕೆ ಎಬ್ಬಿಸುತ್ತೀರಿ ಎಂದೆ.

"ಇರ್ಲಿ ಮೇಡಂ," ಎಂದರು ಅಕ್ಕ, ಸಿಟ್ಟಿಲ್ಲದೆ. "ನಾಳಿಗ್ ನಿಮ್ಗೆ ಮತ್ತೆಂತಾರೂ ಕಂಡ್ರೆ?"

ಮೊನ್ನೆ ಬಂದ ಪುಟಗಳಲ್ಲೂ ಪ್ರತಿ ಸಾಲಿಗೆ ಸಹಿ ಇತ್ತು. ಮಳೆ ಹೊಯ್ದ ದಿನದ್ದು ಮಾತ್ರ ನೀರಿಗೆ ಸ್ವಲ್ಪ ಹರಡಿತ್ತು.