ಎಡಗಡೆಯವನ ಜಾಗ

ಕೊನೆಯ ಕಂಬಳ ಮುಗಿದು ಕೋಣಗಳನ್ನು ತೊಳೆದು ಹಟ್ಟಿಯಲ್ಲಿ ಕಟ್ಟಿದ ಮಾರನೆಯ ದಿನದಿಂದ ನಮ್ಮ ಬಂಟ್ವಾಳದ ಕಡೆ ಬಾಯಿಯ ಓಟ ಶುರುವಾಗುತ್ತದೆ. ಯಾವ ಯಜಮಾನರ ಕೋಣ ಯಾರಿಗೆ ಹೋಗುತ್ತದೆ, ಯಾವ ಓಟಗಾರ ಯಾರ ಮನೆ ಬಿಟ್ಟು ಯಾರ ಕೋಣ ಓಡಿಸುತ್ತಾನೆ, ಯಾವ ಜೋಡಿ ಒಡೆಯುತ್ತದೆ, ಯಾವುದು ಕೂಡುತ್ತದೆ. ದೀಪಾವಳಿಯವರೆಗೆ ಇದೇ ಮಾತು. ಮದುವೆಯ ಊಟದ ಪಂಕ್ತಿಯಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಉಜಿರೆಯ ಬಸ್ಸಿನ ಕೊನೆಯ ಸೀಟಿನಲ್ಲಿ, ಈಗ ಕೆಲವು ವರ್ಷಗಳಿಂದ ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ. ನಾನು ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಆದರೂ ಈ ವಿಷಯದಲ್ಲಿ ನನ್ನ ಬಾಯಿ ಯಾವ ಗಂಡಸಿನ ಬಾಯಿಗೂ ಕಡಿಮೆ ಇರಲಿಲ್ಲ. ನಾನು ಆ ಮಾತು ಬಿಟ್ಟು ಎರಡು ವರ್ಷವಾಯಿತು. ಯಾಕೆಂದು ಕೇಳಿದವರಿಗೆಲ್ಲ ಶಾಲೆಯ ಕೆಲಸ ಜಾಸ್ತಿ ಎಂದು ಹೇಳಿದ್ದೇನೆ. ಅದು ಸುಳ್ಳು.

ಕೋಣಗಳು ನನ್ನ ಸೋದರಮಾವನವು. ಒಂದೇ ಜೋಡಿ. ಕಂಬಳ ನೋಡದವರಿಗೆ ಒಂದು ಮಾತು ಹೇಳಬೇಕು: ನೊಗದ ಎಡಕ್ಕೆ ಪಳಗಿದ ಕೋಣ ಎಡಕ್ಕೇ, ಬಲಕ್ಕೆ ಪಳಗಿದ್ದು ಬಲಕ್ಕೇ. ಓಟದಲ್ಲಿ ಮಾತ್ರವಲ್ಲ, ಹಟ್ಟಿಯಲ್ಲಿ ಕಟ್ಟುವುದು, ಕೆರೆಗೆ ಇಳಿಸುವುದು, ಬೇಯಿಸಿದ ಹುರುಳಿಯನ್ನು ಮರಿಗೆಗೆ, ಎಂದರೆ ಮೇವಿನ ತೊಟ್ಟಿಗೆ, ಹಾಕುವುದು, ಎಲ್ಲವೂ ಅದೇ ಕ್ರಮದಲ್ಲಿ. ಮಾವನ ಜೋಡಿ ಎಂಟು ವರ್ಷ ಹಾಗೆ ಒಂದೇ ಮರಿಗೆಯಲ್ಲಿ ಅರ್ಧ ಅರ್ಧ ತಿಂದು ಬೆಳೆದದ್ದು. ಅವನ್ನು ನೋಡಿಕೊಳ್ಳುತ್ತಿದ್ದವರು ಹಟ್ಟಿಯ ಅಜ್ಜ ಎಂದು ಎಲ್ಲರೂ ಕರೆಯುವ ಹಳೆಯ ಕೆಲಸದವರು. ನನ್ನ ಬಾಯಲ್ಲಿರುವ ಹಳೆಯ ತುಳು ಮಾತುಗಳಲ್ಲಿ ಅರ್ಧ ನನ್ನ ಅಜ್ಜಿಯಿಂದ ಬಂದದ್ದಾದರೆ ಇನ್ನರ್ಧ ಈ ಅಜ್ಜನಿಂದ. ಚಿಕ್ಕಂದಿನಲ್ಲಿ ನಾನು ಹಟ್ಟಿಯ ಮೆಟ್ಟಿಲಲ್ಲಿ ಕೂತರೆ ಅವರು ಕೋಣಗಳಿಗೆ ಎಣ್ಣೆ ತಿಕ್ಕುತ್ತಾ ನನಗೂ ಕೋಣಗಳಿಗೂ ಒಟ್ಟಿಗೇ ಕಥೆ ಹೇಳುತ್ತಿದ್ದರು. (ಮುಂದೆ ಬರುವ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಬರೆಯುವಾಗ ಕನ್ನಡವಾಗಿದೆ.)

ನಾನು ಆ ಮಾತು ಬಿಟ್ಟ ವರ್ಷ ಮೂಡುಬಿದಿರೆಯ ಕರೆಯಲ್ಲಿ, ಎಂದರೆ ಓಟದ ಕೆಸರುಗದ್ದೆಯಲ್ಲಿ, ನಾವು ಫೈನಲಿನಲ್ಲಿ ಸೋತೆವು. ಸೋತದ್ದು ಒಂದು ಮೂಗಿನಷ್ಟು ಅಂತರದಲ್ಲಿ. ಅದೇ ಕೋಪಕ್ಕೆ ನಮ್ಮ ಓಟಗಾರ ಬೇರೆ ಮನೆಗೆ ಹೋದ. ಒಂದು ಭಾನುವಾರ ಮಧ್ಯಾಹ್ನ ಮಾವನ ಮನೆಯ ಚಾವಡಿಯಲ್ಲಿ ಚರ್ಚೆ. ಮಾವ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಉಜಿರೆ ಲೈನಿನ ಬಸ್ಸಿನ ಡ್ರೈವರ್ ಇದ್ದರು; ರಜೆ ಸಿಕ್ಕರೆ ಅವರು ತಮ್ಮ ಮನೆಗೆ ಹೋಗುವ ಮೊದಲು ಮಾವನ ಮನೆಗೆ ಬರುವವರು.

"ಟೀಚರೇ, ಬಲದವನನ್ನು ಕೊಟ್ಟುಬಿಡಿ," ಎಂದರು ಡ್ರೈವರ್. "ಸೋತದ್ದು ಅವನಿಂದಲೇ. ಅರ್ಧ ಕರೆ ದಾಟಿದ ಕೂಡಲೇ ಅವ ಓಡುದು ಬಿಟ್ಟು ಪಕ್ಕದವನ ಮುಖ ನೋಡ್ತಾನೆ. ಮದುಮಗಳ ಹಾಗೆ."

"ಬಲದವನನ್ನು ಯಾರು ತೆಗೊಳ್ತಾರೆ ಮಾರಾಯ್ರೆ? ಕೊಡುದಾದ್ರೆ ಎಡದವನನ್ನು ಕೊಡ್ಬೇಕು. ಹೆಸರು ಇರುವಾಗಲೇ ಕೊಡ್ಬೇಕು," ಎಂದೆ ನಾನು.

"ಕೊಟ್ಟು? ನೊಗದ ಎಡಕ್ಕೆ ನೀವು ನಿಲ್ತೀರಾ?"

ನನ್ನ ಹತ್ತಿರ ಒಂದು ನೋಟ್‌ಪುಸ್ತಕವಿತ್ತು. ಮೂರು ಋತುಗಳ ಓಟದ ಸಮಯವನ್ನು ಅದರಲ್ಲಿ ಬರೆದಿಟ್ಟಿದ್ದೆ. ಅದನ್ನು ತೆರೆದು ಲೆಕ್ಕ ಒಪ್ಪಿಸಿದೆ. ಉಜಿರೆಯಾಚೆ ನೆರಿಯ ಎಂಬ ಊರಿನ ಒಬ್ಬ ಯಜಮಾನರಲ್ಲಿ ಎಡಕ್ಕೆ ಪಳಗಿದ ಎಳೆಯ ಕೋಣವೊಂದು ಇದೆ, ಬೆಂಕಿಯ ಹಾಗೆ ಓಡುತ್ತದೆ, ಆದರೆ ಅವರಿಗೆ ಬೇಕಾಗಿರುವುದು ಅನುಭವ ಇರುವ ಕೋಣ. ಎಡಕ್ಕೆ ಎಡ, ಕೈಯಿಂದ ಕೈಗೆ ಬದಲಾವಣೆ. ಅವರ ಓಟಗಾರನಿಗೂ ಅಲ್ಲಿ ಮನಸ್ಸಿಲ್ಲ, ಅವನೂ ನಮ್ಮ ಕಡೆ ಬರುತ್ತಾನೆ.

"ಟೀಚರೇ, ನಿಮ್ಮ ಪುಸ್ತಕದಲ್ಲಿ ಎಲ್ಲ ಸರಿ ಉಂಟು," ಎಂದು ಡ್ರೈವರ್ ನಕ್ಕರು. "ಆ ಕೋಣನಿಗೆ ಓದ್ಲಿಕ್ಕೆ ಬರ್ತದಾ ಅಂತ ಒಮ್ಮೆ ಕೇಳಿ ಬನ್ನಿ."

ಆದರೆ ಮಾವ ನಗಲಿಲ್ಲ. ಪುಸ್ತಕ ತೆಗೆದುಕೊಂಡು ಕನ್ನಡಕ ಸರಿಮಾಡಿ ನೋಡಿದರು. ಸೋಲು ಅವರನ್ನು ಕೊರೆಯುತ್ತಿತ್ತು. "ಅಜ್ಜ ಎಂತ ಹೇಳ್ತೀರಿ?" ಎಂದು ಅಂಗಳದ ಕಡೆ ಕೇಳಿದರು.

ಹಟ್ಟಿಯ ಅಜ್ಜ ಹಗ್ಗ ಹೊಸೆಯುವುದನ್ನು ನಿಲ್ಲಿಸದೆ ಹೇಳಿದರು: "ಕೋಣ ಯಜಮಾನರದ್ದು. ಕೊಡಿ. ಆದರೆ ಗಾಡಿಗೆ ಹತ್ತಿಸುವಾಗ ಬಲದವನ ಎದುರಿಗೇ ಹತ್ತಿಸ್ಬೇಕು. ಗಾಡಿ ತಿರುವಿನಲ್ಲಿ ಹೋಗುವವರೆಗೆ ಅವ ನೋಡ್ಬೇಕು. ಈ ಮನೆಯ ಕ್ರಮ ಅದು."

"ಯಾಕಜ್ಜ, ಟಾಟಾ ಮಾಡ್ಲಿಕ್ಕಾ?"

"ನೋಡದಿದ್ರೆ ಅವನ ಮಟ್ಟಿಗೆ ಇವ ಹೋದದ್ದೇ ಇಲ್ಲ, ಡ್ರೈವರೇ."

ನಾವು ಅದನ್ನು ಒಪ್ಪಿಕೊಂಡೆವು. ಒಪ್ಪಿಕೊಳ್ಳಲಿಕ್ಕೆ ಎಂತ ಕಷ್ಟ?

ನೆರಿಯದ ಗಾಡಿ ಶನಿವಾರ ಸಂಜೆ ನಾಲ್ಕಕ್ಕೆ ಬರುತ್ತದೆ ಎಂದಾಗಿತ್ತು. ಬಂದದ್ದು ಎರಡಕ್ಕೆ. ಮಾವ ಮಂಗಳೂರಿಗೆ ಹೋಗಿದ್ದರು. ನಾನು ಬೆಳಗ್ಗಿನ ಶಾಲೆ ಮುಗಿಸಿ ಬಂದಿದ್ದೆ. ಅಜ್ಜ ಬಲದವನನ್ನು ಕೆರೆಗೆ ಕೊಂಡುಹೋಗಿದ್ದರು. ಎಡದವನು ಮಿಂದು ಎಣ್ಣೆ ಹಚ್ಚಿಸಿಕೊಂಡು ಹಟ್ಟಿಯಲ್ಲಿದ್ದ. ಬಂದವರಿಗೆ ಅವಸರ. ಘಟ್ಟದ ಕಡೆ ಮೋಡ ಕಟ್ಟಿದೆ, ಮಳೆಗೆ ಮೊದಲು ಮುಟ್ಟಬೇಕು ಎಂದರು. ಹೊಸ ಕೋಣವನ್ನು ಇಳಿಸಿ ಆಗಿತ್ತು. ನಾನು ಒಂದು ಕ್ಷಣ ಯೋಚಿಸಿದ್ದು ನಿಜ. ಬಲದವನು ನೋಡಿದರೆ ಕೂಗುತ್ತಾನೆ, ಹಗ್ಗ ಹರಿಯುತ್ತಾನೆ, ಆ ಸಂಕಟ ಯಾಕೆ, ಅಜ್ಜನಿಗೂ ವಯಸ್ಸಾಯಿತು. ಕರುಣೆಯಿಂದಲೇ ಹೇಳಿದೆ: "ಹತ್ತಿಸಿ."

ಅರ್ಧ ಗಂಟೆಯ ಮೇಲೆ ಅಜ್ಜ ಕೆರೆಯಿಂದ ಬಂದರು. ಬಲದವನು ಹಟ್ಟಿಗೆ ನುಗ್ಗಿ ತನ್ನ ಜಾಗದಲ್ಲಿ ನಿಂತ. ಕೂಗಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ. ಎಡಗಡೆಗೆ ಸ್ವಲ್ಪ ಕುತ್ತಿಗೆ ಬಗ್ಗಿಸಿ, ದಿನಾ ಉಜ್ಜುವ ಹಾಗೆ, ಗಾಳಿಯಲ್ಲಿ ಒಮ್ಮೆ ಕೆನ್ನೆ ಉಜ್ಜಿದ. ಆಮೇಲೆ ಮೆಲುಕು ಹಾಕತೊಡಗಿದ.

"ನೋಡಿ ಅಜ್ಜ, ಹುಡುಕಲೂ ಇಲ್ಲ," ಎಂದೆ.

ಅಜ್ಜ ಖಾಲಿ ಜಾಗವನ್ನೇ ನೋಡುತ್ತಾ ನಿಂತಿದ್ದರು. "ಹುಡುಕುದು ಇಲ್ಲದವನನ್ನು ಅಲ್ವಾ ಮಗಾ," ಎಂದರು.

ಮೊದಲು ಗೊತ್ತಾದದ್ದು ಮರಿಗೆಯಲ್ಲಿ. ಬಲದವನು ತನ್ನ ಅರ್ಧ ತಿಂದು ನಿಲ್ಲಿಸುತ್ತಿದ್ದ. ಎಡದ ಅರ್ಧಕ್ಕೆ ಮೂತಿ ಹಾಕುತ್ತಿರಲಿಲ್ಲ. ಹುರುಳಿಯ ಮಧ್ಯೆ ಕತ್ತಿಯಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅಜ್ಜ ಎಲ್ಲವನ್ನೂ ಅವನ ಬದಿಗೆ ಸರಿಸಿದರೆ, ಅವನು ಅದರಲ್ಲೂ ಅರ್ಧ ತಿಂದು ಉಳಿದದ್ದನ್ನು ಮೂತಿಯಿಂದ ಎಡಕ್ಕೆ ದೂಡುತ್ತಿದ್ದ. ಹುಲ್ಲು ಕೊಟ್ಟರೂ ಹಾಗೆಯೇ. ನೀರಿನ ಬಾಲ್ದಿ ಇಟ್ಟರೆ ಅರ್ಧ ಕುಡಿದು ಹಿಂದೆ ಸರಿದು ಕಾಯುತ್ತಿದ್ದ.

ಹೊಸ ಕೋಣವನ್ನು ಎಡದ ಗೂಟಕ್ಕೆ ಕಟ್ಟಲು ಹೋದರೆ ಅದು ಹಟ್ಟಿಯ ಬಾಗಿಲಿನಲ್ಲೇ ನಾಲ್ಕು ಕಾಲೂರಿ ನಿಂತಿತು. ಮೂವರು ಎಳೆದೆವು. ಕಣ್ಣು ಬೆಳ್ಳಗೆ ಮಾಡಿ, ಆ ಗೂಟದ ಹತ್ತಿರ ನೆಲದಿಂದ ಒಂದಾಳೆತ್ತರದಲ್ಲಿ ಯಾವುದನ್ನೋ ನೋಡಿ ಹಿಂಜಗ್ಗಿತು. ಕೊನೆಗೆ ಅದನ್ನು ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿದೆವು. ಅಲ್ಲಿ ಅದು ಪಾಪದ ಕರುವಿನ ಹಾಗೆ ಮಲಗಿತು.

ಮನೆಯ ನಾಯಿ ಹಟ್ಟಿಯನ್ನು ಅಡ್ಡ ದಾಟುವಾಗ ಖಾಲಿ ಜಾಗವನ್ನು ಸುತ್ತು ಹಾಕಿ ಹೋಗುತ್ತಿತ್ತು. ಅದನ್ನು ಕಂಡು ನಾನು ನಕ್ಕೆ. ಎರಡು ದಿನ ಬಿಟ್ಟು ಅಜ್ಜನಿಗೆ ಚಹಾ ಕೊಡಲು ಹೋದವಳು, ಕೊಟ್ಟು ತಿರುಗಿ ನೋಡಿದರೆ, ನಾನೂ ಸುತ್ತು ಹಾಕಿಯೇ ಬಂದಿದ್ದೆ. ಲೋಟ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿಕೊಂಡು, ದೊಡ್ಡ ಪ್ರಾಣಿಯ ಹಿಂದೆ ನಡೆಯುವಾಗ ನಡೆಯುವ ಹಾಗೆ. ಹಗಲು ಹನ್ನೊಂದು ಗಂಟೆ. ಹಂಚಿನ ಮೇಲೆ ಒಳ್ಳೆಯ ಬಿಸಿಲಿತ್ತು.

ಬಲದವನ ಮೈ ಇಳಿಯತೊಡಗಿತು. ಹೊಟ್ಟೆಯ ಬದಿಯಲ್ಲಿ ಎಲುಬು ಕಂಡಿತು. ಪಶುವೈದ್ಯರು ಎರಡು ಸಲ ಬಂದು ನೋಡಿದರು. ಜ್ವರ ಇಲ್ಲ, ಹುಳ ಇಲ್ಲ, ಹಲ್ಲು ಸರಿ ಇದೆ. "ಹಸಿವೂ ಉಂಟು, ತಿನ್ನುದಿಲ್ಲ ಯಾಕೆ?" ಎಂದು ಅವರೇ ನಮ್ಮನ್ನು ಕೇಳಿದರು. ಹೀಗೇ ಹೋದರೆ ಇನ್ನೊಂದು ತಿಂಗಳು ಎಂದೂ ಹೇಳಿದರು. ಅವನ ಜೊತೆ ಅಜ್ಜನೂ ಊಟ ಕಡಿಮೆ ಮಾಡಿದರು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಋತುವಿಗೆ ಮೊದಲು ಗದ್ದೆಯಲ್ಲಿ ಕೋಣಗಳನ್ನು ಓಡಿಸಿ ನೋಡುವುದನ್ನು ನಮ್ಮಲ್ಲಿ ಕುದಿ ಎನ್ನುತ್ತೇವೆ. ಬಡಕಲಾದರೂ ಒಮ್ಮೆ ನೋಡುವ ಎಂದು ಮಾವ ಹೊಸ ಜೋಡಿಯನ್ನು ಕುದಿಗೆ ಇಳಿಸಿದರು. ನೆರಿಯದಿಂದ ಬಂದ ಓಟಗಾರ ಹಗ್ಗ ಹಿಡಿದ. ಒಂದು ಓಟ ಓಡಿದ್ದಷ್ಟೆ. ಎಳೆಯ ಕೋಣ ಉದ್ದಕ್ಕೂ ಹೊರಗೆ ಹೊರಗೆ ವಾಲಿ, ಯಾರೋ ಭುಜದಿಂದ ದೂಡುತ್ತಿರುವ ಹಾಗೆ ಓಡಿತು. ಓಟಗಾರ ಕೆಸರು ಒರೆಸಿಕೊಳ್ಳದೆ ಬಂದು ನನ್ನ ಹತ್ತಿರ ನಿಂತ.

"ಅಕ್ಕ, ಎರಡು ಕೋಣದ ಎಳೆತ ನನ್ನ ಕೈಗೆ ಗೊತ್ತುಂಟು. ಇದು ಎರಡರದ್ದಲ್ಲ."

"ಮತ್ತೆ?"

"ನನ್ನನ್ನು ಕೇಳ್ಬೇಡಿ. ನಾನು ನಾಳೆಯಿಂದ ಮಿಜಾರಿನ ಯಜಮಾನರ ಕೋಣ ಓಡಿಸ್ತೇನೆ."

ವಾಟ್ಸಾಪ್ ಗುಂಪಿನಲ್ಲಿ ಆ ವಾರ ನನ್ನದೇ ಮೆರವಣಿಗೆ. "ಟೀಚರ್ ಮಾಡಿದ ವ್ಯಾಪಾರ: ಕೋಣ ಹೋಯ್ತು, ಓಟಗಾರ ಹೋದ, ಪುಸ್ತಕ ಉಳಿಯಿತು." ಅದಕ್ಕೆ ನಲವತ್ತು ನಗುವ ಮುಖಗಳು. ನಾನು ಅಜ್ಜನ ಹತ್ತಿರ ಹೋಗಿ ಕೇಳಿದೆ: "ಈಗ ತೋರಿಸಿದ್ರೆ ಆಗುದಿಲ್ವಾ? ನೆರಿಯಕ್ಕೆ ಕೊಂಡುಹೋಗುವ. ಅವ ಅಲ್ಲಿದ್ದಾನೆ ಅಂತ ಇವನಿಗೆ ಕಣ್ಣಾರೆ ಕಾಣಲಿ."

ಅಜ್ಜ ಬಲದವನ ಕುತ್ತಿಗೆಯ ಹಗ್ಗ ಸರಿಮಾಡಿದರು. "ನೋಡುವ," ಎಂದರು.

ಗಾಡಿ ಓಡಿಸಿದ್ದು ನಮ್ಮ ಡ್ರೈವರ್. ಬಂಟ್ವಾಳದಿಂದ ಬೆಳ್ತಂಗಡಿ ದಾಟಿ ಉಜಿರೆಯವರೆಗೂ ಅವರು ಯಾವ ಕೋಣದ ಸುದ್ದಿಯನ್ನೂ ಎತ್ತಲಿಲ್ಲ. ನೆರಿಯದ ಯಜಮಾನರು ಒಳ್ಳೆಯವರು. ಬೆಲ್ಲ ನೀರು ಕೊಟ್ಟು, "ಕೊಟ್ಟ ಕೋಣ ವಾಪಸ್ ಕೇಳ್ಲಿಕ್ಕೆ ಬಂದದ್ದಲ್ಲ ಅಲ್ವಾ?" ಎಂದು ನಗುತ್ತಲೇ ಖಚಿತಪಡಿಸಿಕೊಂಡರು. ಅಲ್ಲ ಎಂದೆ. ತೋರಿಸಲಿಕ್ಕೆ ಮಾತ್ರ.

ಬೆಳಗ್ಗೆ ಹತ್ತರ ಬಿಸಿಲು. ಅಂಗಳದ ಮಧ್ಯೆ ಬಲದವನನ್ನು ಅಜ್ಜ ಹಿಡಿದು ನಿಂತರು. ಒಳಗಿನಿಂದ ಎಡದವನನ್ನು ತಂದರು. ಮೈ ಮಿರಿಮಿರಿ ಮಿಂಚುತ್ತಿತ್ತು, ಚೆನ್ನಾಗಿ ತುಂಬಿಕೊಂಡಿದ್ದ. ಅವನಿಗೆ ಗುರುತು ಹತ್ತಿತು. ದೂರದಿಂದಲೇ ಮೂಗಿನಲ್ಲಿ ಸಣ್ಣ ಸದ್ದು ಮಾಡಿ ಬೇಗ ಬೇಗ ಬಂದ. ನನ್ನ ಕಣ್ಣು ತುಂಬಿತು. ಮುಗಿಯಿತು, ಇನ್ನು ಸರಿಯಾಗುತ್ತದೆ ಎಂದುಕೊಂಡೆ.

ಬಲದವನು ಅವನನ್ನು ನೋಡಿದ. ಬಸ್ಸಿನಲ್ಲಿ ಗುರುತಿಲ್ಲದವರು ಪಕ್ಕದಲ್ಲಿ ಕೂರಲು ಬಂದಾಗ ನಾವು ನೋಡುತ್ತೇವಲ್ಲ, ಹಾಗೆ. ನೋಡಿ, ತನ್ನ ಎಡಕ್ಕೆ ಕುತ್ತಿಗೆ ತಿರುಗಿಸಿ, ಅಲ್ಲಿ ಗಾಳಿಯಲ್ಲಿ ಕೆನ್ನೆ ಉಜ್ಜಿದ. ಆಮೇಲೆ ಬಲಕ್ಕೆ ಒಂದು ಹೆಜ್ಜೆ ಸರಿದ. ಅಂಗಳ ದೊಡ್ಡದು, ಸರಿಯುವ ಅಗತ್ಯವೇ ಇರಲಿಲ್ಲ. ಪಕ್ಕದಲ್ಲಿ ನಿಂತವನಿಗೆ ಹೊಸಬ ತಾಗದಿರಲಿ ಎಂದು ಸರಿದ ಹಾಗಿತ್ತು.

ತಾನು ಎಂಟು ವರ್ಷ ನಿಂತ ಜಾಗಕ್ಕೆ ಬಂದು ನಿಲ್ಲಲು ಹೊರಟಿದ್ದ ಎಡದವನು ಒಂದು ಮಾರು ದೂರದಲ್ಲಿ ನಿಂತುಬಿಟ್ಟ. ಮೂಗಿನ ಹೊಳ್ಳೆ ಅಗಲವಾಯಿತು. ಖಾಲಿ ಜಾಗವನ್ನು ಮೂಸಿ ನೋಡಿದ. ಮೈಯ ಚರ್ಮ ಅಲೆ ಅಲೆಯಾಗಿ ನಡುಗಿತು. ಹಿಂದೆ ಹಿಂದೆ ಹೋದ.

"ಅವ ಯಾಕೆ ಹಿಂದೆ ಹೋಗ್ತಾನೆ?" ಎಂದರು ನೆರಿಯದ ಯಜಮಾನರು. "ಅವನಿಗೆ ಅಲ್ಲಿ ಜಾಗ ಉಂಟಲ್ಲ."

"ಇಲ್ಲ," ಎಂದರು ಅಜ್ಜ.

ಅಷ್ಟೇ. ಬಲದವನನ್ನು ಗಾಡಿಗೆ ಹತ್ತಿಸಿದೆವು. ಡ್ರೈವರ್ ಹಿಂದಿನ ಬಾಗಿಲು ಹಾಕಲು ಕೈ ಎತ್ತಿದವರು ಹಾಕಲಿಲ್ಲ. ಸ್ವಲ್ಪ ಹೊತ್ತು ಕಾದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಆಮೇಲೆ ಮೆಲ್ಲ ಹಾಕಿದರು.

ಮನೆಗೆ ಬಂದ ಸಂಜೆ ಅಜ್ಜ ದೊಡ್ಡ ಹಂಡೆ ಇಳಿಸಿದರು. ಒಂದು ಕೋಣಕ್ಕೆ ಬೇಕಾದ ಹುರುಳಿಯ ಎರಡರಷ್ಟು ಬೇಯಿಸಿ, ಮರಿಗೆಯ ತುದಿಯಿಂದ ತುದಿಗೆ ತುಂಬಿದರು. "ಅವ ಅರ್ಧ ಬಿಡುದು ಬಿಡುದಿಲ್ಲ ಮಗಾ. ಅವ ತಿನ್ನುವ ಅರ್ಧ ಅವನಿಗೆ ಹೊಟ್ಟೆ ತುಂಬುವಷ್ಟು ಇರ್ಲಿ. ಇಬ್ಬರಿಗೆ ಹಾಕುವ."

ಬಲದವನು ತನ್ನ ಅರ್ಧ ತಿಂದ. ಆ ಅರ್ಧವೇ ಈಗ ಒಬ್ಬನ ಪೂರ್ತಿ ಊಟ. ಎಡದ ಅರ್ಧ ಹಾಗೇ ಉಳಿಯಿತು. ಎರಡು ವಾರದಲ್ಲಿ ಎಲುಬು ಮುಚ್ಚಿತು. ಅಜ್ಜನೂ ಗಂಜಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಮಾವ ಎಳೆಯ ಕೋಣಕ್ಕೆ ಬೇರೆ ಜೊತೆ ಹುಡುಕಿದರು. ಬಲದವನನ್ನು ಮತ್ತೆ ನೊಗಕ್ಕೆ ಕಟ್ಟಲಿಲ್ಲ. ಕೇಳಿದವರಿಗೆ ಕಾಲು ನೋವು ಎಂದು ಹೇಳಿದರು.

ಅವನು ಚೆನ್ನಾಗಿದ್ದಾನೆ. ಭಾನುವಾರಗಳಲ್ಲಿ ಹಟ್ಟಿಯ ಕೆಲಸ ನನ್ನದು, ನಾನೇ ಕೇಳಿ ತೆಗೆದುಕೊಂಡದ್ದು. ಮರಿಗೆಯ ಎಡಬದಿಯಲ್ಲಿ ಉಳಿದ ಹುರುಳಿಯನ್ನು ಬಾಚಿ ದನಗಳಿಗೆ ಹಾಕುತ್ತೇನೆ; ಅವು ತಿನ್ನುವುದಿಲ್ಲ, ಗೊಬ್ಬರದ ಗುಂಡಿಗೆ ಹೋಗುತ್ತದೆ. ಆಮೇಲೆ ಹಿಡಿಸೂಡಿ ಹಿಡಿದು ಬಲದವನ ಬೆನ್ನಿಗೆ ತಟ್ಟಿ, "ಬದಿಗೆ ಸರಿ ಮಾರಾಯ," ಎನ್ನುತ್ತೇನೆ. ಅವನು ಸರಿಯುತ್ತಾನೆ, ಗುಡಿಸುತ್ತೇನೆ. ಎಡಗಡೆಯ ಗೂಟದ ಹತ್ತಿರ ಬಂದಾಗಲೂ ಅದನ್ನೇ ಹೇಳುತ್ತೇನೆ. ಒಂದು ಕೋಣ ಸರಿಯಲಿಕ್ಕೆ ಬೇಕಾಗುವಷ್ಟು ಹೊತ್ತು ನಿಲ್ಲುತ್ತೇನೆ. ಮತ್ತೆ ಗುಡಿಸುತ್ತೇನೆ.